ಎಳೆಯ ಜೀವದ ಕೈ ಬಿಡದಿರಿ



ಮಾನವ ಜನ್ಮ ದುರ್ಲಭವೆಂದು ನಾವು ಪ್ರತಿ ಸಭೆಯಲ್ಲಿಯೂ ಹೇಳುತ್ತೇವೆ. ನೀವು ತಲೆದೂಗುತ್ತೀರಿ. ಆದರೆ ಆ ದುರ್ಲಭವಾದ ಜನ್ಮವನ್ನು ಹದಿನಾರು ಹದಿನೇಳು ವರ್ಷದ ಮಕ್ಕಳೇ ಸಾಕೆಂದು ಬಿಟ್ಟುಹೋಗುವ ಸುದ್ದಿ ಬಂದಾಗ ನಮ್ಮ ಉಪದೇಶಕ್ಕೂ ಅವರ ಎದೆಯ ಸಂಕಟಕ್ಕೂ ನಡುವೆ ಎಷ್ಟು ದೂರವಿದೆಯೆಂಬುದು ತಿಳಿಯುತ್ತದೆ. ಇಂದು ಆ ದೂರದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ವಿಷಯ ಕಹಿಯಾದುದು. ಆದರೂ ಕಹಿ ಔಷಧಿಯೆಂದು ಭಾವಿಸಿ ಹಿರಿಯರು ಇದನ್ನು ಕೊನೆಯವರೆಗೆ ಓದಬೇಕು. ಓದಲು ಬಾರದವರಿಗೆ ಮೊಮ್ಮಕ್ಕಳಿಂದ ಓದಿಸಿ ಕೇಳಿದರೆ ಇನ್ನೂ ಒಳ್ಳೆಯದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ದಿನವೊಂದಕ್ಕೆ ಮೂವತ್ತೈದಕ್ಕಿಂತ ಹೆಚ್ಚು ಮಕ್ಕಳು, ಅಂದರೆ ನಮ್ಮ ಹಳ್ಳಿಶಾಲೆಯ ಒಂದು ತರಗತಿಯ ತುಂಬ ಮಕ್ಕಳು. ಅದೇ ವರ್ಷ ಕರ್ನಾಟಕದಲ್ಲಿ ಎಲ್ಲ ವಯಸ್ಸಿನವರೂ ಸೇರಿ 13,606 ಜೀವಗಳು ಹೀಗೆ ಹೋದವು. ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳು ಈ ಸಂಕಟಕ್ಕೆ ಹೊರತಲ್ಲ. ಪಾದಪೂಜೆಗೆಂದು ಹೋದ ಮನೆಯ ಗೋಡೆಯ ಮೇಲೆ ಅಜ್ಜ ಅಜ್ಜಿಯರ ಪಟಗಳ ಪಕ್ಕದಲ್ಲಿ ಮೀಸೆ ಮೂಡದ ಮುಖದ ಪಟಕ್ಕೂ ಹಾರ ಹಾಕಿರುವುದನ್ನು ಕಂಡಾಗ ಆ ತಾಯಿಗೆ ಏನು ಆಶೀರ್ವಾದ ಮಾಡಬೇಕೆಂದು ಯಾವ ಗುರುವಿಗೂ ತಿಳಿಯದು.

"ಆತ್ಮಹತ್ಯೆ ಮಹಾಪಾಪ" ಎಂಬ ಮಾತನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವೀರಶೈವ ಧರ್ಮದಲ್ಲಿ ಈ ಕಾಯ ಪ್ರಸಾದವಾದುದು, ಈ ಪ್ರಾಣ ಲಿಂಗವಾದುದು. ಅದನ್ನು ಕಳೆಯುವ ಅಧಿಕಾರ ನಮಗಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀರಿನಲ್ಲಿ ಮುಳುಗುತ್ತಿರುವವನಿಗೆ ದಡದಲ್ಲಿ ನಿಂತು "ಮುಳುಗುವುದು ಪಾಪ" ಎಂದರೆ ಅವನು ಈಜಿ ಬರುವನೇ? ಮನಸ್ಸು ಕತ್ತಲಾದ ಮಗು ತಾನು ಯಾರಿಗೂ ಬೇಡದವನು, ಮನೆಗೆ ಭಾರವಾದವನು ಎಂದು ಮೊದಲೇ ನಂಬಿಕೊಂಡಿರುತ್ತದೆ. ಅದರ ತಲೆಯ ಮೇಲೆ ಪಾಪಿಯೆಂಬ ಹೊರೆಯನ್ನೂ ಇಟ್ಟರೆ ಅದು ಇನ್ನಷ್ಟು ಕುಸಿಯುತ್ತದೆ. ಪಾಪದ ಮಾತು ಆಚೆಗಿರಲಿ, ಮೊದಲು ಕೈ ಚಾಚಿರಿ.

ರಾಘವಾಂಕನು ಹೇಳಿರುವ ಸಿದ್ಧರಾಮನ ಕಥೆ ನಿಮಗೆಲ್ಲ ಗೊತ್ತಿದೆ. ಸೊನ್ನಲಿಗೆಯ ಆ ಬಾಲಕ ದನ ಕಾಯುವಲ್ಲಿ ಮಲ್ಲಯ್ಯನನ್ನು ಕಂಡ, ಮತ್ತೆ ಕಾಣದಾದ. ಹುಡುಕುತ್ತ ಯಾತ್ರಿಕರ ಹಿಂದೆ ಶ್ರೀಶೈಲದವರೆಗೆ ನಡೆದ. ಅಲ್ಲಿಯೂ ತಾನು ಹುಡುಕಿದ ಮಲ್ಲಯ್ಯ ಸಿಗಲಿಲ್ಲ. ಜೊತೆಯಲ್ಲಿದ್ದವರಿಗೆ ಹುಡುಗನ ಅಳುವಿನ ಆಳ ತಿಳಿಯಲಿಲ್ಲ. ಅವರು ಗುಡಿಯ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯ ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಆ ಹೊತ್ತಿಗೆ ಆ ಬಾಲಕನಿಗೆ ಬೇಕಾದುದು ಅದಾಗಿರಲಿಲ್ಲ. ಕೂಗಿ ಕೂಗಿ ದಣಿದು, ಆಸೆ ಬತ್ತಿ, ಪ್ರಪಾತದ ಅಂಚಿಗೆ ಬಂದು ನಿಂತಾಗ ಮಲ್ಲಿಕಾರ್ಜುನನೇ ಬಂದು ಅವನ ಕೈ ಹಿಡಿದ. ದೇವರು ಅಲ್ಲಿ ಮೊದಲು ಮಾಡಿದ್ದು ಉಪದೇಶವಲ್ಲ, ಕೈ ಹಿಡಿದದ್ದು. ಹಾಗೆ ಉಳಿದ ಬಾಲಕನೇ ಮುಂದೆ ಕೆರೆ ಕಟ್ಟಿಸಿದ, ಸೊನ್ನಲಿಗೆಯನ್ನು ಪುಣ್ಯಕ್ಷೇತ್ರ ಮಾಡಿದ, ಶಿವಯೋಗಿಯಾದ. ಅಂದು ಆ ಕೈ ಬರದೇ ಇದ್ದರೆ ಇದಾವುದೂ ಇಲ್ಲ. ನಿಮ್ಮ ಮನೆಯ ಮೂಲೆಯಲ್ಲಿ ಮುಖ ಮುಚ್ಚಿ ಮಲಗಿರುವ ಹುಡುಗನೊಳಗೆ ಯಾವ ಸಿದ್ಧರಾಮನಿದ್ದಾನೆಂದು ಬಲ್ಲವರಾರು?

ದೂರದ ಸೊನ್ನಲಿಗೆಯೇಕೆ, ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿಯೇ ಹುಟ್ಟಿದ ಅಲ್ಲಮಪ್ರಭುವನ್ನು ನೆನೆಯಿರಿ. ಹರಿಹರನ ರಗಳೆಯಂತೆ, ಅಲ್ಲಮನು ಮದ್ದಳೆ ನುಡಿಸುವ ತರುಣ. ಒಲಿದು ಕೈಹಿಡಿದ ಕಮಲತೆ ಜ್ವರದಿಂದ ತೀರಿಕೊಂಡಳು. ಆತ ಮರುಳನಂತೆ ಅಲೆದ, ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿದ್ದ. ಇಂದು ಅಂಥ ಹುಡುಗನನ್ನು ಕಂಡರೆ ನಾವು "ಕೆಲಸಕ್ಕೆ ಬಾರದವನು" ಎನ್ನುತ್ತೇವೆ. ಆದರೆ ಆ ನೆಲದಲ್ಲಿಯೇ ಗುಡಿಯ ಕಳಸ ಕಂಡಿತು, ಅದರೊಳಗೆ ಅನಿಮಿಷನೆಂಬ ಗುರು ದೊರೆತ. ಹೀಗೆ ದುಃಖದ ರುಚಿ ತಿಳಿದ ಅಲ್ಲಮನೇ ಮುಂದೆ, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಗೋಳಿಡುತ್ತಿದ್ದ ಮುಕ್ತಾಯಕ್ಕನ ಬಳಿ ನಿಂತ. ಅವಳು ಎದುರು ಮಾತನಾಡಿದಳು, ಪ್ರಶ್ನೆಗೆ ಪ್ರಶ್ನೆ ಹಾಕಿದಳು. ಪ್ರಭು ಸಿಟ್ಟಾಗಲಿಲ್ಲ, ಬಿಟ್ಟು ನಡೆಯಲಿಲ್ಲ. ಶೂನ್ಯಸಂಪಾದನೆಯಲ್ಲಿ ಆ ಸಂವಾದ ಬಹು ದೀರ್ಘವಾಗಿದೆ. ದುಃಖಿತರ ಬಳಿ ಅಷ್ಟು ಹೊತ್ತು ಇರುವ ವ್ಯವಧಾನ ಇಂದು ನಮ್ಮಲ್ಲಿ ಎಷ್ಟು ಜನಕ್ಕಿದೆ?

ಊರಿನ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಬುದ್ಧೀ, ಈಗಿನ ಮಕ್ಕಳಿಗೆ ಏನು ಕಡಿಮೆಯಾಗಿದೆ? ನಮ್ಮ ಕಾಲದಲ್ಲಿ ಹೊಟ್ಟೆಗಿಲ್ಲ, ಬಟ್ಟೆಗಿಲ್ಲ, ಮೇಷ್ಟ್ರು ಬಾಸುಂಡೆ ಬರುವಂತೆ ಬಾರಿಸುತ್ತಿದ್ದರು. ನಾವು ಬದುಕಲಿಲ್ಲವೇ?" ಈ ಪ್ರಶ್ನೆ ಅನೇಕರ ಮನಸ್ಸಿನಲ್ಲಿರುವುದರಿಂದ ಉತ್ತರ ಹೇಳಬೇಕಾಗಿದೆ. ಆ ಕಾಲದಲ್ಲಿಯೂ ಹೀಗೆ ಹೋದವರಿದ್ದರು. ಊರು ಅದಕ್ಕೆ ಗಾಳಿ, ಗ್ರಹಚಾರ ಎಂದು ಬೇರೆ ಹೆಸರಿಟ್ಟು ಮುಚ್ಚಿತು, ಅಷ್ಟೆ. ಇನ್ನು ಉಳಿದವರನ್ನು ಉಳಿಸಿದ್ದು ಬಡತನವೂ ಅಲ್ಲ, ಬೆತ್ತವೂ ಅಲ್ಲ. ಹತ್ತು ಜನರಿದ್ದ ಮನೆಯಲ್ಲಿ ಅಪ್ಪ ಬೈದರೆ ಅಜ್ಜಿಯ ಸೆರಗಿತ್ತು, ಅಣ್ಣ ಹೊಡೆದರೆ ಸೋದರಮಾವನ ಮನೆಯಿತ್ತು, ಸಂಜೆ ಜಗಲಿಕಟ್ಟೆಯಲ್ಲಿ ನಾಲ್ಕು ಜನ ಸೇರುತ್ತಿದ್ದರು. ಇಂದು ಹನ್ನೆರಡು ವರ್ಷಕ್ಕೇ ಮಗುವನ್ನು ದೂರದ ಹಾಸ್ಟೆಲಿಗೆ ಬಿಡುತ್ತೇವೆ. ಮನೆಯಲ್ಲಿರುವ ಮಗುವೂ ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬಂದು, ಮೊಬೈಲು ಹಿಡಿದು ಕೋಣೆ ಸೇರುತ್ತದೆ. ಆ ಪೆಟ್ಟಿಗೆಯೊಳಗೆ ಊರೆಲ್ಲ ಇದೆ, ಆದರೆ ಅಜ್ಜಿಯ ಸೆರಗಿಲ್ಲ. ನಮಗಿದ್ದ ಆಸರೆಯನ್ನು ನಾವೇ ತೆಗೆದು, ಮಕ್ಕಳಿಗೆ ಧೈರ್ಯವಿಲ್ಲವೆನ್ನುವುದು ನ್ಯಾಯವಲ್ಲ.

ಇನ್ನೊಂದು ಸಂಗತಿ. ಪರೀಕ್ಷೆ, ಪ್ರೇಮ, ಅಪ್ಪನ ಬೈಗುಳ, ಸಾಲ ಇವುಗಳಲ್ಲಿ ಒಂದನ್ನೇ ಹಿಡಿದು "ಇಷ್ಟಕ್ಕೆಲ್ಲ ಪ್ರಾಣ ಬಿಟ್ಟನೇ" ಎಂದು ಜನ ಆಡಿಕೊಳ್ಳುತ್ತಾರೆ. ಕೆರೆಯ ಏರಿ ಒಡೆಯುವುದು ಕೊನೆಯ ದಿನದ ಮಳೆಯೊಂದರಿಂದಲ್ಲ. ಬಹುದಿನದಿಂದ ತುಂಬಿದ ನೀರು, ಯಾರೂ ನೋಡದೆ ಬಿಟ್ಟ ಬಿರುಕು ಎಲ್ಲ ಸೇರಿ ಒಡೆಯುತ್ತದೆ. ಖಿನ್ನತೆಯೆಂಬುದು ಸೋಮಾರಿತನವಲ್ಲ, ದೆವ್ವದ ಕಾಟವೂ ಅಲ್ಲ. ಅದೊಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಈ ಮಾತನ್ನು ನಮ್ಮ ಜಿಲ್ಲೆಗೆ ತಿಳಿಸಿಕೊಟ್ಟವರಲ್ಲಿ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಅವರು ಪ್ರಮುಖರು. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದರು, 1988ರಲ್ಲಿ 'ಕಾಡಿನ ಬೆಂಕಿ'ಯಂತಹ ಚಲನಚಿತ್ರವನ್ನೂ ನಿರ್ಮಿಸಿದರು. 2016ರಲ್ಲಿ ಅವರು ತೀರಿಕೊಂಡರೂ, ಮನಸ್ಸಿಗೂ ವೈದ್ಯರಿದ್ದಾರೆ, ಅವರ ಬಳಿ ಹೋಗುವುದು ನಾಚಿಕೆಯಲ್ಲ ಎಂದು ಅವರು ಕಲಿಸಿದ ಪಾಠ ಉಳಿಯಬೇಕು. ಅಂತ್ರ ಕಟ್ಟಿಸಿ ದಿನ ದೂಡುವುದರಿಂದ ಕಾಯಿಲೆ ಬಲಿಯುತ್ತದೆ. ನೊಂದ ಮಗುವನ್ನು ಶ್ರೀಮಠಕ್ಕೆ ಕರೆತಂದರೆ ವಿಭೂತಿ ಇಡುತ್ತೇವೆ, ಆಶೀರ್ವದಿಸುತ್ತೇವೆ, ವೈದ್ಯರ ಬಳಿಗೂ ಕಳಿಸುತ್ತೇವೆ. ಒಂದಕ್ಕೊಂದು ವಿರೋಧವಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ದೀಕ್ಷಾಸಂಸ್ಕಾರದಲ್ಲಿಯೇ ದಾರಿಯಿದೆ. ದೀಕ್ಷೆ ಮೂರು ಬಗೆ. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವಿಡುವುದು ವೇಧಾದೀಕ್ಷೆ. ಕಿವಿಯಲ್ಲಿ ಮಂತ್ರವನ್ನು ಅನುಗ್ರಹಿಸುವುದು ಮಂತ್ರದೀಕ್ಷೆ. ಅಂಗೈಯಲ್ಲಿ ಇಷ್ಟಲಿಂಗವನ್ನು ಕರುಣಿಸುವುದು ಕ್ರಿಯಾದೀಕ್ಷೆ. ಹಸ್ತ, ಕಿವಿ, ಅಂಗೈ ಎಂಬ ಈ ಮೂರನ್ನು ಸಂಕಟದಲ್ಲಿರುವ ಎಳೆಯರ ವಿಷಯದಲ್ಲಿಯೂ ನೆನಪಿಡಿರಿ. ತಂದೆತಾಯಿಗಳಿಗೆ ಮಾತ್ರ ಈ ಮಾತಲ್ಲ. ಮಕ್ಕಳು ಹೆತ್ತವರಿಗೆ ಹೇಳದ ಗುಟ್ಟನ್ನು ಗೆಳೆಯನಿಗೆ ಹೇಳುತ್ತಾರೆ. ಆದುದರಿಂದ ಗೆಳೆಯನೇ ಇಲ್ಲಿ ಮೊದಲ ಗುರು.

ಮೊದಲನೆಯದು ಹಸ್ತ, ಅಂದರೆ ಸಮೀಪ ಹೋಗುವುದು. ಸದಾ ಆಡಿಕೊಂಡಿದ್ದ ಹುಡುಗ ಮೂಲೆ ಸೇರಿದರೆ, ಊಟ ನಿದ್ರೆ ಕೆಟ್ಟರೆ, ಪ್ರಿಯವಾದ ವಸ್ತುಗಳನ್ನು ಒಬ್ಬೊಬ್ಬರಿಗೆ ಕೊಡತೊಡಗಿದರೆ, "ನಾನಿದ್ದು ಯಾರಿಗೇನು ಪ್ರಯೋಜನ", "ಇನ್ನು ನಿಮಗೆ ನನ್ನ ಕಾಟವಿರುವುದಿಲ್ಲ" ಎಂಬಂಥ ಮಾತು ಬಂದರೆ ಅದನ್ನು ತಮಾಷೆಯೆಂದು ತಳ್ಳಿಹಾಕಬೇಡಿರಿ. ಬಹುದಿನ ಕುದಿಯುತ್ತಿದ್ದವನು ಒಮ್ಮೆಲೇ ಕಾರಣವಿಲ್ಲದೆ ಶಾಂತನಾದರೂ ಎಚ್ಚರದಿಂದಿರಿ. "ಸಾಯುವವರು ಹೇಳಿ ಸಾಯುವುದಿಲ್ಲ" ಎಂಬ ಮಾತು ನಮ್ಮಲ್ಲಿದೆ. ಅದು ಪೂರ್ತಿ ತಪ್ಪು. ಹೀಗೆ ಹೋದವರಲ್ಲಿ ಅನೇಕರು ಯಾರಿಗಾದರೂ ಒಂದು ಸುಳಿವು ಕೊಟ್ಟೇ ಇರುತ್ತಾರೆ.

ಎರಡನೆಯದು ಕಿವಿ. ದೀಕ್ಷೆಯಲ್ಲಿ ಶಿಷ್ಯ ಕಿವಿಗೊಡುತ್ತಾನೆ, ಇಲ್ಲಿ ನೀವು ಕಿವಿಗೊಡಬೇಕು. ಅಕ್ಕಪಕ್ಕ ಕುಳಿತು ನೇರವಾಗಿ ಕೇಳಿರಿ: "ಯಾಕೋ ಹೀಗಿದ್ದೀಯ? ಬದುಕು ಬೇಡವೆನ್ನಿಸುವಷ್ಟು ನೋವಾಗಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲವೆಂದು ಮನೋವೈದ್ಯರು ಖಚಿತವಾಗಿ ಹೇಳುತ್ತಾರೆ. ಕೇಳಿದ್ದರಿಂದ ಎದೆಯ ಭಾರ ಇಳಿಯುತ್ತದೆ. ಅವನು ಹೇಳುವಾಗ ನಡುವೆ ಬಾಯಿ ಹಾಕಬೇಡಿರಿ. "ಇಷ್ಟೇನಾ" ಎನ್ನಬೇಡಿರಿ. "ಅವರ ಮಗನನ್ನು ನೋಡು" ಎಂದು ಹೋಲಿಸಬೇಡಿರಿ. "ಅಪ್ಪ ಅಮ್ಮನ ಮರ್ಯಾದೆ ಏನಾಗುತ್ತದೆ" ಎಂದು ಹೆದರಿಸಬೇಡಿರಿ. "ಧೈರ್ಯವಿದ್ದರೆ ಮಾಡು ನೋಡೋಣ" ಎಂಬ ಕೆಣಕುಮಾತನ್ನಂತೂ ಕನಸಿನಲ್ಲಿಯೂ ಆಡಬೇಡಿರಿ. "ಹೇಳಿದ್ದು ಒಳ್ಳೆಯದಾಯಿತು, ನಾನಿದ್ದೇನೆ" ಎಂಬಷ್ಟೇ ಸಾಕು. ಆ ಹೊತ್ತಿಗೆ ಅದೇ ಮಂತ್ರ.

ಮೂರನೆಯದು ಅಂಗೈ, ಅಂದರೆ ಕ್ರಿಯೆ. ಅವನನ್ನು ಒಂಟಿಯಾಗಿ ಬಿಡಬೇಡಿರಿ. ನಂಬಿಕೆಯ ಹಿರಿಯರೊಬ್ಬರಿಗೆ ಅಂದೇ ತಿಳಿಸಿರಿ. ಅವರು ತಾಯಿಯಾಗಬಹುದು, ಮೇಷ್ಟ್ರಾಗಬಹುದು, ಆಶಾ ಕಾರ್ಯಕರ್ತೆಯಾಗಬಹುದು. ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಬರಬೇಕೆಂದು ವಿಚಾರಿಸಿರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾತ್ರಿ ಹೊತ್ತಾಗಿ, ಬಸ್ಸಿಲ್ಲವೆಂದಾದರೆ ಫೋನಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ ಮಾತನಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ನೊಂದವನೇ ಮಾಡಬೇಕೆಂದಿಲ್ಲ, ಅವನ ಗೆಳೆಯನೂ ಮಾಡಿ ದಾರಿ ಕೇಳಬಹುದು. ಮಕ್ಕಳ ಸಹಾಯವಾಣಿ 1098. ಪ್ರಾಣಕ್ಕೆ ಅಪಾಯವೆನ್ನಿಸಿದ ಕ್ಷಣ 112. ಈ ಅಂಕಿಗಳನ್ನು ದೇವರ ಕೋಣೆಯ ಬಾಗಿಲ ಮೇಲೆ ಬರೆದಿಟ್ಟರೂ ದೋಷವಿಲ್ಲ.

ಇಲ್ಲಿ ಎಳೆಯ ಓದುಗರಿಗೆ ಒಂದು ಮಾತು. ಗೆಳೆಯನೋ ಗೆಳತಿಯೋ ತನ್ನ ಸಂಕಟವನ್ನು ಹೇಳಿ, "ಯಾರಿಗೂ ಹೇಳಬೇಡ, ತಾಯಾಣೆ, ಲಿಂಗದಾಣೆ" ಎಂದು ಆಣೆ ಹಾಕಿಸಿಕೊಂಡಿರಬಹುದು. ಆಣೆ ಮುರಿದರೆ ದೇವರಿಗೆ ತಪ್ಪಿದಂತೆ, ಸ್ನೇಹಕ್ಕೆ ದ್ರೋಹ ಬಗೆದಂತೆ ಎಂದು ನೀವು ಒಳಗೇ ನಲುಗುತ್ತಿರಬಹುದು. ಪೀಠದಲ್ಲಿ ಕುಳಿತು ಹೇಳುತ್ತಿದ್ದೇವೆ: ಜೀವ ಉಳಿಸುವ ಸಲುವಾಗಿ ಆ ಆಣೆಯನ್ನು ಮುರಿಯಿರಿ. ಲಿಂಗವನ್ನು ಮುಟ್ಟಿ ಮಾಡಿದ ಆಣೆಯಾದರೂ ಮುರಿಯಿರಿ. ಪ್ರಾಣವೇ ಲಿಂಗವಾಗಿರುವಾಗ ಪ್ರಾಣ ಕಳೆಯುವ ಆಣೆ ಲಿಂಗದ ಆಣೆಯಾಗಲಾರದು. ಅದರಿಂದ ದೋಷವೇನಾದರೂ ಇದ್ದರೆ ಅದು ನಮಗಿರಲಿ, ಪ್ರಾಯಶ್ಚಿತ್ತವನ್ನು ನಾವು ಮಾಡಿಕೊಳ್ಳುತ್ತೇವೆ. ಗೆಳೆಯ ಎರಡು ತಿಂಗಳು ಮಾತು ಬಿಡಬಹುದು. ಮಾತು ಬಿಡಲಾದರೂ ಅವನು ಇರಬೇಕಲ್ಲವೇ? ಮತ್ತೊಂದು ಮಾತು: ಅವನನ್ನು ಉಳಿಸುವ ಹೊರೆಯನ್ನು ನೀವೊಬ್ಬರೇ ಹೊರಬೇಕಾದುದಿಲ್ಲ. ಹಿರಿಯರ ಕೈಗೆ ವಿಷಯ ಮುಟ್ಟಿಸಿದರೆ ನಿಮ್ಮ ಪಾಲಿನ ಧರ್ಮ ನಡೆದಂತೆ.

ರೈತಬಾಂಧವರೇ, ನಿಮಗೆ ಒಂದು ವಿಶೇಷ ಸೂಚನೆ. ಭತ್ತಕ್ಕೆ, ಮೆಕ್ಕೆಜೋಳಕ್ಕೆ, ಶುಂಠಿಗೆ ಹೊಡೆಯುವ ಔಷಧಿಯನ್ನು ಮನೆಯ ಅಟ್ಟದ ಮೇಲೆ, ಬಚ್ಚಲಿನ ಗೂಡಿನಲ್ಲಿ, ಮಂಚದ ಕೆಳಗೆ ಇಡುವ ರೂಢಿ ನಮ್ಮಲ್ಲಿದೆ. ಸಾಯಬೇಕೆಂಬ ಆವೇಗ ಬಹುಮಟ್ಟಿಗೆ ಬಿರುಗಾಳಿಯಂತೆ ಬಂದು ಹೋಗುವಂಥದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಗಾಳಿ ಕಳೆದು ಜೀವ ಉಳಿಯುತ್ತದೆ. ಶ್ರೀಲಂಕೆಯಲ್ಲಿ ಅತಿ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ, 1990ರ ದಶಕದ ನಡುವಿನಿಂದ ಈಚೆಗೆ ಆತ್ಮಹತ್ಯೆಯ ಪ್ರಮಾಣ ಮೂರರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಇಳಿದಿದೆ. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಊರವರೆಲ್ಲರ ಔಷಧಿಯನ್ನು ಒಂದೇ ಕಡೆ ಬೀಗದ ಪೆಟ್ಟಿಗೆಗಳಲ್ಲಿ ಇಡುವ ಪ್ರಯೋಗವನ್ನೂ ಮಾಡಿ ನೋಡಿದ್ದಾರೆ. ನಮ್ಮ ಸೊಸೈಟಿಗಳೂ ಹಾಲಿನ ಸಂಘಗಳೂ ಮನಸ್ಸು ಮಾಡಿದರೆ ಊರಿಗೊಂದು ಇಂಥ ಕೋಣೆ ಆಗದೇ? ಅದಾಗುವವರೆಗೆ ಒಂದು ಪೆಟ್ಟಿಗೆ, ಒಂದು ಬೀಗ, ಬೀಗದ ಕೈ ಹಿರಿಯರ ಉಡಿದಾರದಲ್ಲಿ. ಒಡವೆಗೆ ಬೀಗ ಹಾಕುವ ನಾವು ಜೀವಕ್ಕೆ ಹಾಕಬಾರದೇ?

ಪೊಲೀಸು, ಕೋರ್ಟು ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಒಯ್ಯಲು ತಡ ಮಾಡಿ ಜೀವ ಕಳೆದುಕೊಳ್ಳುವುದುಂಟು. ಆ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯು, ಹೀಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಅವರಿಗೆ ಶಿಕ್ಷೆಯಲ್ಲ, ಆರೈಕೆ ಕೊಡಬೇಕೆಂದಿದೆ. ಹಳೆಯ ದಂಡಸಂಹಿತೆಯ 309ನೆಯ ಕಲಂ 2024ರ ಜುಲೈ 1ರಿಂದ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಮುಂದುವರಿದಿಲ್ಲ. ಕಾನೂನೇ ಕರುಣೆ ತೋರಿರುವಾಗ ಬಂಧುಬಳಗ ತೋರಬಾರದೇ? ಬದುಕಿ ಮನೆಗೆ ಬಂದ ಮಗುವನ್ನು ಚುಚ್ಚಿ ಆಡಬೇಡಿರಿ. ಮುಂದಿನ ಕೆಲವು ತಿಂಗಳು ಅದಕ್ಕೆ ಬಹಳ ನಾಜೂಕಿನ ಕಾಲ.

ಪರೀಕ್ಷೆಯ ಫಲಿತಾಂಶದ ದಿನಗಳು ಹೆಚ್ಚು ಎಚ್ಚರ ಬೇಡುವ ದಿನಗಳು. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿದೆಯೆಂದು ಫಲಿತಾಂಶಕ್ಕೆ ಮೊದಲೇ ಮಗುವಿಗೆ ಹೇಳಿಡಿರಿ. 2025ರ ಮೇ ತಿಂಗಳಲ್ಲಿ ಬಾಗಲಕೋಟೆಯ ತಂದೆತಾಯಿಗಳಿಬ್ಬರು, ಹತ್ತನೆಯ ತರಗತಿಯ ಎಲ್ಲ ವಿಷಯಗಳಲ್ಲಿಯೂ ಫೇಲಾದ ಮಗನಿಗೆ ಕೇಕು ತಂದು ಕತ್ತರಿಸಿ, ಸೋತದ್ದು ಪರೀಕ್ಷೆಯಲ್ಲಿ, ಬದುಕಿನಲ್ಲಲ್ಲ ಎಂದು ಧೈರ್ಯ ತುಂಬಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಿರಿ. ಕೆಲವರು ನಕ್ಕರು. ನಮಗೆ ಮಾತ್ರ ಆ ಮನೆ ಅನುಭವ ಮಂಟಪದಂತೆ ಕಂಡಿತು. ನಮ್ಮ ತಾಳಗುಂದದ ಸ್ತಂಭಶಾಸನ ಹೇಳುವುದೂ ಇದನ್ನೇ ಅಲ್ಲವೇ? ವಿದ್ಯೆಗೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆಯವನಿಂದ ಅವಮಾನವಾಯಿತು, ಹೋದ ಕೆಲಸ ಪೂರೈಸಲಿಲ್ಲ. ಆತ ತಲೆ ತಗ್ಗಿಸಿ ಮುಗಿದುಹೋಗಲಿಲ್ಲ, ಬೇರೆ ದಾರಿ ಹಿಡಿದ. ಕದಂಬ ರಾಜ್ಯವೇ ಹುಟ್ಟಿತು. ಕಂಚಿಯಲ್ಲಿ ಸಿಗದುದು ಬನವಾಸಿಯಲ್ಲಿ ಸಿಕ್ಕಿತು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಬಹಳ. ಪ್ರಾಣ ಬಿಡುವುದು ಶೌರ್ಯವೆಂದು ಅವನ್ನು ನೋಡಿ ಯಾರೂ ತಿಳಿಯಬಾರದು. ತುರು ಕಾಯಲು, ಊರು ಕಾಯಲು ನಿಂತವರಿಗೆ ಊರು ನೆಟ್ಟ ಕಲ್ಲುಗಳವು. ಇಂದು ಗೆಳೆಯನ ಜೀವ ಕಾಯಲು ಎದ್ದು ನಿಂತ ಹುಡುಗನೇ ಆ ವೀರರ ವಾರಸುದಾರ.

ಇಷ್ಟೆಲ್ಲ ಎಚ್ಚರದ ನಡುವೆಯೂ ಕೆಲವೊಮ್ಮೆ ಕೈ ಜಾರುತ್ತದೆ. ಆಗ ಆ ಮನೆಯನ್ನು ದೂರ ಮಾಡಬೇಡಿರಿ. ಸಂಸ್ಕಾರಕ್ಕೆ ಹಿಂದುಮುಂದು ನೋಡುವುದು, ಆ ಮನೆಯ ಹೆಣ್ಣುಮಕ್ಕಳ ಸಂಬಂಧಕ್ಕೆ ಮೂಗು ಮುರಿಯುವುದು, ತಾಯಿಯ ಎದುರು ಕಾರಣ ಕೆದಕುವುದು ಶಿವಭಕ್ತರ ಲಕ್ಷಣವಲ್ಲ. ಕಾಯಿಲೆಯಿಂದ ತೀರಿಕೊಂಡವರಿಗೆ ಸಲ್ಲುವ ಎಲ್ಲ ವಿಧಿಯೂ ಈ ಮಕ್ಕಳಿಗೂ ಸಲ್ಲಬೇಕು. ಆ ಮಗುವಿನ ಗೆಳೆಯರ ಮೇಲೂ ಕಣ್ಣಿಡಿರಿ, ಅವರ ಎದೆಯೂ ಒಡೆದಿರುತ್ತದೆ.

ಕೊನೆಯದಾಗಿ ಮಠಗಳ ಮಾತು. ಬಳ್ಳಿಗಾವಿಯ ಕೋಡಿಯಮಠದ ಬಗ್ಗೆ ಬಿಜ್ಜಳನ ಕಾಲದ 1162ರ ಶಾಸನವೊಂದಿದೆ. ಅಲ್ಲಿ ವೇದಶಾಸ್ತ್ರಗಳನ್ನು ಕಲಿಸುತ್ತಿದ್ದರಂತೆ. ಅಷ್ಟೇ ಅಲ್ಲ, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಡುತ್ತಿದ್ದರಂತೆ, ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಮಾಡುತ್ತಿದ್ದರಂತೆ, ಸಕಲ ಜೀವಿಗಳಿಗೂ ಅದು ಅಭಯದ ತಾಣವಾಗಿತ್ತಂತೆ. ಎಂಟು ನೂರು ವರ್ಷಗಳ ಹಿಂದೆ ನಮ್ಮ ಮಣ್ಣಿನ ಮಠವೊಂದು ಹಾಗಿತ್ತೆಂದರೆ, ಇಂದಿನ ಮಠಗಳು ಜಾತ್ರೆ, ಪಲ್ಲಕ್ಕಿ, ಅಡ್ಡಪಲ್ಲಕ್ಕಿಗಳಿಗೇ ನಿಲ್ಲಬಾರದು. ಶ್ರಾವಣದ ಪ್ರವಚನದಲ್ಲಿ ಒಂದು ಸಂಜೆಯನ್ನು ಮನೋವೈದ್ಯರಿಗೆ ಬಿಟ್ಟುಕೊಡೋಣ. ಮಠದ ಹಾಸ್ಟೆಲುಗಳಲ್ಲಿ ಮಕ್ಕಳ ಹಾಜರಿ ಹಿಡಿಯುವಂತೆ ಅವರ ಮುಖವನ್ನೂ ದಿನಕ್ಕೊಮ್ಮೆ ನೋಡೋಣ. ನೊಂದ ಮಗು ಯಾವ ಜಾತಿಯದೇ ಇರಲಿ, ಯಾವ ಹೊತ್ತಿನಲ್ಲಿಯೇ ಬರಲಿ, ಅದಕ್ಕೆ ಒಂದು ತುತ್ತು ಪ್ರಸಾದವೂ ಮಾತು ಕೇಳುವ ಒಂದು ಕಿವಿಯೂ ಸಿಗುವಂತಾಗಲಿ.

ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯ ಮಗುವನ್ನು ಅಂಕಗಳ ಬಗ್ಗೆ ಕೇಳಬೇಡಿರಿ. "ಹೇಗಿದ್ದೀಯ ಮಗಾ" ಎಂದು ಕೇಳಿರಿ. ಉತ್ತರ ಬರುವವರೆಗೆ ಕಾಯಿರಿ. ಎಲ್ಲ ಎಳೆಯರಿಗೂ ಶಿವನು ಪೂರ್ಣಾಯುಷ್ಯವನ್ನು ಕರುಣಿಸಲಿ, ಅವರ ಕೈ ಹಿಡಿಯುವ ಬುದ್ಧಿಯನ್ನು ನಮಗೆಲ್ಲ ಕೊಡಲಿ. ಸರ್ವರಿಗೂ ಸನ್ಮಂಗಲವಾಗಲಿ.